ಎರಡು ಸಲ ಹುಟ್ಟಿದ ಎಣಿಕೆ

ಅಕ್ಕಾ, ದಾಲ್ ಮಿಲ್ಲಿನಲ್ಲಿ ನಿನ್ನ ತಲೆಗೆ ಬಂದ ತಪ್ಪು ನಿನ್ನದಲ್ಲ. ನನ್ನದು. ಅದು ನನಗೆ ಅಂದೇ ಗೊತ್ತಿತ್ತು.

ನೀನಿದ್ದಾಗ ಹೇಳದ್ದನ್ನು ನೀನು ಹೋದ ಮೇಲೆ ಬರೆಯುತ್ತಿದ್ದೇನೆ — ಆ ನಾಚಿಕೆಯೂ ನನ್ನದೇ.

ಸೇಡಂನ ಆ ಮಿಲ್ಲಿಗೆ ಟೋಕನ್ ಪ್ರೋಗ್ರಾಮ್ ಬರೆದುಕೊಟ್ಟವನು ನಾನು. ತೊಗರಿ ತಂದ ರೈತರಿಗೆ ಎರಡು ಕಿಟಕಿ. ಒಂದರಲ್ಲಿ ನೀನು, ಇನ್ನೊಂದರಲ್ಲಿ ಮಾಲಕರ ಅಳಿಯ. ಕಿಟಕಿ ಎರಡಾದರೂ ನಂಬರು ಎಣಿಸುವವನು ಒಬ್ಬನೇ ಇರಬೇಕು. ಪ್ರೋಗ್ರಾಮ್ ಬರೆಯುವವರು ಇದನ್ನು ಸಿಂಗಲ್‌ಟನ್ ಎನ್ನುತ್ತಾರೆ — ಒಂದೇ ಒಂದು ಇರತಕ್ಕದ್ದು. ದಿನಾ ಮುಂಜಾನೆ ಮೊದಲ ಗುಂಡಿ ಒತ್ತಿದಾಗ ಆಗಬೇಕಾದ್ದನ್ನು ನಾನು ಹೀಗೆ ಬರೆದಿದ್ದೆ: ಎಣಿಸುವವನು ಇದ್ದಾನೆಯೇ ನೋಡು, ಇದ್ದರೆ ಅವನನ್ನೇ ಕರೆ, ಇಲ್ಲದಿದ್ದರೆ ಒಬ್ಬನನ್ನು ಹುಟ್ಟಿಸು. ಒಬ್ಬರು ನೋಡುತ್ತಿರುವಾಗ ಇನ್ನೊಬ್ಬರು ಕಾಯಬೇಕು ಎಂದು ಬರೆದಿರಲಿಲ್ಲ. ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಿಯಾರು ಎಂದು ನನಗೆ ಹೊಳೆದಿರಲಿಲ್ಲ — ಇಲ್ಲ, ಹೊಳೆದಿತ್ತು. ಹಾಗಾಗಲಿಕ್ಕಿಲ್ಲ ಎಂದು ಬಿಟ್ಟೆ.

ಒಂದು ಮುಂಜಾನೆ ಹಾಗೇ ಆಯಿತು. ಒಂದೇ ಮನೆಯ ಇಬ್ಬರು ನೆಗೆಣ್ಣಿಯರು ಒಟ್ಟಿಗೇ ಬೇಳೆಯ ರುಚಿ ನೋಡಿ, ಉಪ್ಪಿಲ್ಲವೆಂದು ಇಬ್ಬರೂ ಉಪ್ಪು ಹಾಕಿದ ಹಾಗೆ — ನಿನ್ನ ಕಿಟಕಿಗೊಂದು, ಅವನ ಕಿಟಕಿಗೊಂದು ಎಣಿಕೆ ಹುಟ್ಟಿತು. ಎರಡೂ ಒಂದರಿಂದಲೇ ಶುರು.

"ಇವಂದೂ ಮೂರು, ನಂದೂ ಮೂರು. ಇಬ್ಬರೂ ಒಂದೇ ಹೊಟ್ಟ್ಯಾಗ ಹುಟ್ಟೀವೇನ್ರಿ?" ಎಂದು ಅಂಗಳದಲ್ಲಿ ಒಬ್ಬ ರೈತ ಚೀಟಿ ಆಡಿಸಿದ. ನಿನ್ನ ಕಿಟಕಿಯ ಮುಂದೆ ನಮ್ಮೂರು ದಂಡೋತಿಯವರೇ ಹೆಚ್ಚಿದ್ದರು. ಮಾಲಕರಿಗೆ ಅಷ್ಟು ಸಾಕಾಯಿತು.

"ಏನವಾ ಮಾದೇವಿ, ನಿಮ್ಮೂರ ಮಂದಿ ಬಂದಾರಂತ ಮಶೀನ್ ಬಂದ್ ಮಾಡಿ ಮತ್ತ ಒಂದರಿಂದ ಚಾಲೂ ಮಾಡಿದೇನು? ಮಿಲ್ ನಂದದನೋ, ದಂಡೋತಿದದನೋ?"

ಗದ್ದಲವೆದ್ದಾಗ ನನ್ನನ್ನೂ ಕರೆಸಿದ್ದರು. ನೀನು ನನ್ನ ಕಡೆ ತಿರುಗಿದೆ. "ತಮ್ಮಾ, ನೀನರ ಹೇಳಪ್ಪಾ. ಮಶೀನ್ ತಪ್ಪು ಮಾಡ್ತದೇನು?"

"ಇಲ್ಲಕ್ಕಾ" ಎಂದೆ. "ಮಶೀನ್ ತಪ್ಪು ಮಾಡಂಗಿಲ್ಲ."

ಮಾತು ಸುಳ್ಳಲ್ಲ, ಅದಕ್ಕೇ ಅದು ಇನ್ನೂ ಹೊಲಸು. ಯಂತ್ರ ನಾನು ಹೇಳಿದ್ದನ್ನೇ ಮಾಡಿತ್ತು. ವಾಡಿ, ಶಹಾಬಾದಿನ ಮಿಲ್ಲುಗಳಲ್ಲೂ ಇದೇ ಪ್ರೋಗ್ರಾಮ್ ಹಾಕಿಸುವ ಮಾತು ನಡೆದಿತ್ತು. ನನ್ನ ಬಾಯಿ ಅದನ್ನು ನೆನೆಯಿತು, ನಿನ್ನನ್ನಲ್ಲ. ಮಾಲಕರು ನಿನಗೆ ನಾಳೆಯಿಂದ ಬರಬೇಡ ಎಂದರು. ನೀನು ಬುತ್ತಿ ಚೀಲ ಹಿಡಿದು ಹೊರಟೆ. ನಾನು ನಿನ್ನ ಕುರ್ಚಿಯಲ್ಲೇ ಕುಳಿತು ಪ್ರೋಗ್ರಾಮಿಗೆ ಬೀಗ ಸೇರಿಸಿದೆ — ಒಬ್ಬರು ಮುಗಿಸುವವರೆಗೆ ಇನ್ನೊಬ್ಬರನ್ನು ತಡೆಯುವ ಲಾಕ್. ಒಂದೆರಡು ಸಾಲು, ಅಷ್ಟೇ.

"ಏನ್ ಮಾಡಾಕತ್ತೀರಿ?" ಎಂದ ಅಳಿಯ.

"ಏನಿಲ್ರಿ, ಧೂಳು ಕುಂತಿತ್ತು."

ಕೆಲಸ ಹೋದದ್ದು ಒಂದು. ಆಮೇಲಿನದು — ನೀನು ನನ್ನನ್ನು ನಂಬಿದೆ. "ನಾನೇ ಬಂದ್ ಮಾಡಿದ್ನೇನೋ ತಮ್ಮಾ, ನೆನಪೇ ಇಲ್ಲ ನೋಡು" ಎನ್ನತೊಡಗಿದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಚಿತ್ತಾಪುರದ ಬಸ್ಸಿನಿಂದ ಇಳಿದು ಮನೆಗೆ ಹಿಂದಿರುಗಿದೆ. ಆರಿಸಿಯೇ ಇದ್ದೆ. ಯಾವಾಗಲೂ ಆರಿಸಿಯೇ ಇರುತ್ತಿದ್ದೆ. ಅಷ್ಟು ಚೊಕ್ಕ ತಲೆಯವಳು ತನ್ನ ತಲೆಯನ್ನೇ —

ನಿನ್ನ ದಿನಕರ್ಮದ ಊಟಕ್ಕೆ ಕೂತಾಗ ನಿನ್ನ ಮಗಳು ಕವಿತಾ ಎಲ್ಲರ ಮುಂದೆ ನನಗೆ ಹೇಳಿದಳು: "ಅವ್ವಗ ಭಾಳ ಮರವು ಮಾಮಾ. ಮಿಲ್ಲಿನ್ಯಾಗ ಊರ ಮಂದಿಗೆಲ್ಲ ಇದ್ದ ನಂಬರೇ ಮತ್ತ ಕೊಟ್ಟು ಬಂದಿದ್ಳು!" ಪ್ರೀತಿಯಿಂದಲೇ ಹೇಳಿದಳು. ಎಲ್ಲರೂ ನಕ್ಕರು.

ನಾನೂ ನಕ್ಕೆ, ಅಕ್ಕಾ.

ನಾಳೆ ಮೊದಲು ಕವಿತಾಳ ಮನೆಗೆ ಹೋಗುತ್ತೇನೆ. ಮಾಲಕರ ಬಳಿ ಆಮೇಲೆ. ಅವಳು ಮತ್ತೆ ನನ್ನನ್ನು ಮಾಮಾ ಎನ್ನಲಿಕ್ಕಿಲ್ಲ. ಅನ್ನದಿರಲಿ. ತನ್ನ ಅವ್ವನಿಗೆ ಮರೆವು ಇರಲಿಲ್ಲ ಎಂದು ಅವಳಿಗೆ ಗೊತ್ತಾಗಬೇಕು.