ಮನೆ ಕಟಿಂಗು

ಮದುವೆಯಾಗಿ ಊರಿಗಾಂನ ಗಣಿ ಕೆಲಸಗಾರರ ಲೈನ್ ಮನೆಗೆ ಬಂದಾಗ ತವರಿನಿಂದ ನಾನು ತಂದ ಆಸ್ತಿ ನಾಲ್ಕು ಸೀರೆ, ಒಂದು ಕತ್ತರಿ. ಕ್ಯಾಸಂಬಳ್ಳಿ ಕಡೆಯ ನಮ್ಮಪ್ಪ ಕುರಿ ಸಾಕಿ ಬದುಕಿದವನು. ಗಂಡುಮಕ್ಕಳಿರಲಿಲ್ಲ, ಉಣ್ಣೆ ಕತ್ತರಿಸುವ ದಿನ ಅವನ ಜೊತೆ ಕೂರುತ್ತಿದ್ದವಳು ನಾನೇ. "ಮೊದ್ಲು ಕೈ ಓಡ್ಬೇಕು, ಆಮ್ಯಾಕೆ ಕತ್ರಿ" ಅನ್ನುತ್ತಿದ್ದ. ಉಣ್ಣೆಯೊಳಗೆ ಉಣ್ಣಿ ಇರಬಹುದು, ಹುಣ್ಣು ಇರಬಹುದು, ಗಂಟು ಇರಬಹುದು. ಬೆರಳು ಅದನ್ನೆಲ್ಲ ಮೊದಲೇ ತಿಳಿದುಕೊಂಡರೆ ಕತ್ತರಿ ಚರ್ಮಕ್ಕೆ ತಾಗುವುದಿಲ್ಲ. ಆ ವಿದ್ಯೆಯನ್ನು ನಾನು ಗಂಡನ ತಲೆಯ ಮೇಲೆ ಮುಂದುವರಿಸಿದೆ.

ನನ್ನ ಗಂಡ ಗಣಿಯಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಗಂಡಸರ ಹಾಗೆ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗಿಬರತೊಡಗಿದ. ಬರುತ್ತಿದ್ದ ಸಂಬಳ ಎಲೆಯಡಿಕೆಗಾಗುವಷ್ಟು. ಆದರೆ ನಾವಿಬ್ಬರೂ ಕೈಲಾಗದವರಲ್ಲ. ನಮ್ಮ ಮನೆಯ ಯಾವ ಕೆಲಸವೂ ಅಂಗಡಿಯವನ ಕೈಗೆ ಹೋಗಬಾರದು ಎನ್ನುವುದು ನನ್ನ ಹಟ. ಮಗಳ ಯೂನಿಫಾರಂ ನಾನು ಹೊಲಿದೆ, ಹರಿದ ಕೊಡೆಯ ಬಟ್ಟೆಯಲ್ಲಿ ಅವಳಿಗೆ ಚೀಲ ಮಾಡಿದೆ. ಕುಕ್ಕರಿನ ಹಿಡಿ ಮುರಿದರೆ ಅವನು ಬೇವಿನ ಕಟ್ಟಿಗೆ ಕೆತ್ತಿ ಕೂರಿಸುತ್ತಿದ್ದ. ಕಿತ್ತ ಚಪ್ಪಲಿಯನ್ನು ಅವನೇ ಹೊಲಿದುಕೊಳ್ಳುತ್ತಿದ್ದ. ಇದು ಬಡತನ ಎಂದು ನನಗೆ ಅನ್ನಿಸಿದ್ದೇ ಇಲ್ಲ. ನಿಜ ಹೇಳಬೇಕೆಂದರೆ, ನನಗೆ ಅದರ ಜಂಬವಿತ್ತು.

ಎಲ್ಲಕ್ಕಿಂತ ದೊಡ್ಡ ಜಂಬ ಭಾನುವಾರದ ಕಟಿಂಗು. ಬಾಗಿಲ ಮುಂದೆ ಸ್ಟೂಲು ಹಾಕಿ, ಅವನ ಕತ್ತಿಗೆ ಹಳೆ ಸೀರೆಯ ತುಂಡು ಸುತ್ತಿ, ಹತ್ತು ಬೆರಳನ್ನೂ ಅವನ ತಲೆಯೊಳಗೆ ಓಡಿಸಿ ಆಮೇಲೆ ಕತ್ತರಿ ಹಿಡಿಯುತ್ತಿದ್ದೆ.

"ಲೇ, ನಾನು ಕುರಿ ಅಲ್ಲ ಕಣೇ," ಅನ್ನುತ್ತಿದ್ದ.

"ಕುರಿ ಆಗಿದ್ರೆ ಸುಮ್ಕೆ ಕುಂತಿರ್ತಿತ್ತು," ಅನ್ನುತ್ತಿದ್ದೆ.

ಕತ್ತರಿಸಿದ ಮೇಲೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದೆ. ಇಪ್ಪತ್ತು ವರ್ಷ ಮೀರಿ ಹೀಗೇ ನಡೆಯಿತು. ಎಡಗಿವಿಯ ಮೇಲೆ ಗಣಿಯಲ್ಲಿ ಆದ ಗಾಯದ ಗುರುತು, ನೆತ್ತಿಯಲ್ಲಿ ಎರಡು ಸುಳಿ, ಕಣ್ಣು ಮುಚ್ಚಿಯೂ ನಾನು ತೋರಿಸಬಲ್ಲವಳಾಗಿದ್ದೆ.

ಎರಡು ವರ್ಷದ ಹಿಂದೆ ಒಂದು ಶನಿವಾರ ಅವನು ರೈಲಿಳಿದು ಮನೆಗೆ ಬಂದಾಗ ಕತ್ತಿನ ಮೇಲೆ ಪೌಡರ್ ಇತ್ತು. ಕ್ರಾಪು ನೀಟಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ದಾರಿಯಲ್ಲಿ ಬಂಗಾರಪೇಟೆಯಲ್ಲಿ ಇಳಿದು, ಸ್ಟೇಷನ್ ಪಕ್ಕದ ಸಲೂನಿಗೆ ಹೋಗಿದ್ದನಂತೆ.

"ಕಂಪ್ನೀಲಿ ಎಲ್ರೂ ನಗ್ತಾರೆ ಕಣೇ. ಕುರಿ ಕತ್ರಿಸ್ದಂಗೈತಂತೆ," ಎಂದ.

ತಮಾಷೆಗೆ ಅವನು ಸಾವಿರ ಸಲ ಅಂದಿದ್ದ ಮಾತೇ. ಆದರೆ ಹೊರಗಿನವರು ನಕ್ಕರು ಎಂದಾಗ ನನಗೆ ಮೈ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. "ಓಗಯ್ಯಾ, ಅವ್ನತ್ರಾನೇ ಓಗು. ಇನ್ಮ್ಯಾಕೆ ನಿನ್ ತಲೆ ಮುಟ್ಟಿದ್ರೆ ನಾನು ನಮ್ಮಪ್ಪನ್ ಮಗ್ಳೇ ಅಲ್ಲ," ಎಂದೆ.

ಎಂಟು ತಿಂಗಳು ಆ ಮಾತು ಉಳಿಸಿಕೊಂಡೆ. ಎಣ್ಣೆ ಒತ್ತುವುದನ್ನೂ ಬಿಟ್ಟೆ. ಅವನೇ ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು, ಅರ್ಧ ಹಣೆಗೆ ಇಳಿಸಿಕೊಂಡು ಬಚ್ಚಲಿಗೆ ಹೋಗುತ್ತಿದ್ದ. ನೋಡಿಯೂ ನೋಡದವಳ ಹಾಗೆ ಅಕ್ಕಿ ಆರಿಸುತ್ತಿದ್ದೆ. ಪಕ್ಕದಲ್ಲೆಲ್ಲ ಸಣ್ಣಗೆ ಕತ್ತರಿಸಿ ಹಿಂದೆ ಮಾತ್ರ ಉದ್ದ ಬಿಡಿಸಿಕೊಂಡು ಬರತೊಡಗಿದ. "ಈ ವಯಸ್ಸಲ್ಲಿ ಈರೋ ಆಗೋಕೊಂಟೌನೆ" ಎಂದು ಮಗಳ ಮುಂದೆ ಹಂಗಿಸಿದೆ. ಅವನು ನಕ್ಕು ಕಾಲರ್ ಮೇಲಕ್ಕೆಳೆದುಕೊಂಡ. ಸೊರಗುತ್ತಿದ್ದಾನೆ ಅನ್ನಿಸಿತ್ತು. ದಿನಾ ರೈಲಿನಲ್ಲಿ ನಿಂತು ಓಡಾಡಿದರೆ ಇನ್ನೇನಾಗುತ್ತದೆ ಎಂದುಕೊಂಡೆ.

ಒಂದು ದಿನ ಲೈನಿಂಗ್ ಬಟ್ಟೆ ತರಲು ಬಂಗಾರಪೇಟೆಗೆ ಹೋದವಳ ಕಣ್ಣಿಗೆ ಆ ಸಲೂನು ಬಿತ್ತು. ಸುಮ್ಮನೆ ಬರಬಹುದಿತ್ತು. ಕಾಲು ಕೆರೆದು ಜಗಳಕ್ಕೆ ಹೋಗುವುದು ನನ್ನ ಹುಟ್ಟುಗುಣ, ಒಳಗೆ ಹೋದೆ.

"ಊರಿಗಾಂನಿಂದ ಬತ್ತಾನಲ್ಲ, ಎಡಗಿವಿ ಮ್ಯಾಲೆ ಗಾಯದ ಗುರ್ತು ಇರೋನು, ಅವ್ನ ಎಂಡ್ತಿ ನಾನು. ನಿನ್ ಕೈ ಅದೆಷ್ಟು ಚೆಂದಾಗೈತೋ ನೋಡಾನ ಅಂತ ಬಂದೆ," ಎಂದೆ.

ಸಲೂನಿನವನು ಬಾಚಣಿಗೆ ಕೆಳಗಿಟ್ಟ. "ಒಳ್ಳೇದಾಯ್ತು ಬಂದ್ರಿ ಅಕ್ಕಾ. ಆ ಗಡ್ಡೇನ ಡಾಕ್ಟರ್ಗೆ ತೋರ್ಸಿದ್ರಾ? ಅಣ್ಣ ಬಂದಾಗೆಲ್ಲ ಏಳ್ತಾನೇ ಇದೀನಿ, ಕೇಳಲ್ಲ."

"ಯಾವ ಗಡ್ಡೆ?"

ಅವನು ತನ್ನದೇ ಕತ್ತಿನ ಹಿಂದೆ, ಕಿವಿಯ ಕೆಳಗೆ ಮುಟ್ಟಿ ತೋರಿಸಿದ. "ಇಲ್ಲಿ. ಕಾಣ್ದಂಗೆ ಇಂದೆ ಉದ್ದ ಬಿಡು ಅಂತಾರೆ. ಮೊದ್ಲು ಬಂದಾಗ ಕಡ್ಲೆಕಾಯಷ್ಟಿತ್ತು. ಈಗ ನಿಂಬೆಕಾಯಷ್ಟೈತೆ."

ಬಸ್ಸು ಹತ್ತಿದ್ದು, ಇಳಿದದ್ದು ಯಾವುದೂ ನನಗೆ ನೆನಪಿಲ್ಲ. ಬಟ್ಟೆ ತಂದಿರಲಿಲ್ಲ. ಸಂಜೆ ಅವನು ಬಂದ ಕೂಡಲೇ ಸ್ಟೂಲು ಹಾಕಿ, ಕೂತ್ಕೋ ಎಂದೆ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು. ಕೂತು ತಲೆ ಬಗ್ಗಿಸಿದ. ಕೂದಲು ಎತ್ತಿ ಬೆರಳಿಟ್ಟೆ. ಕಲ್ಲಿನ ಹಾಗೆ ಗಟ್ಟಿ, ಒತ್ತಿದರೆ ಅಲುಗಾಡುತ್ತಿರಲಿಲ್ಲ.

"ಯಾಕಯ್ಯಾ ಏಳ್ಲಿಲ್ಲ?"

"ಮಗ್ಳುದು ನರ್ಸಿಂಗ್ ಕೊನೇ ವರ್ಷ. ಅದೊಂದು ಮುಗೀಲಿ ಅಂತಿದ್ದೆ. ನಿನ್ ಕೈಗೆ ಸಿಕ್ಕಿದ್ರೆ ಅವತ್ತೇ ಆಸ್ಪತ್ರೆಗೆ ಎಳ್ಕೊಂಡೋಗ್ತಿದ್ದೆ. ಅವ್ಳ ಓದು ಅಲ್ಲಿಗೇ ನಿಂತೋಗ್ತಿತ್ತು."

"ಮತ್ತೆ ಕಂಪ್ನೀಲಿ ನಕ್ಕಿದ್ದು?"

"ಯಾರೂ ನಗ್ಲಿಲ್ಲ ಕಣೇ. ಬ್ಯಾರೆ ಏನ್ ಏಳಿದ್ರೂ ನೀನು ನನ್ ತಲೆ ಬಿಡ್ತಿರ್ಲಿಲ್ಲ."

ನನಗೆ ಎಲ್ಲಿ ನೋವಾಗುತ್ತದೆ ಎಂದು ಹುಡುಕಿ ಹೊಡೆದಿದ್ದ. ಹೆಂಡತಿಯ ಕೋಪವನ್ನೇ ಬೇಲಿ ಮಾಡಿಕೊಂಡು ಅದರ ಹಿಂದೆ ಕೂತಿದ್ದ. ಜಂಬದವಳು ನಾನು, ಎಂಟು ತಿಂಗಳು ಆ ಬೇಲಿಯನ್ನು ನಾನೇ ಕಾದೆ. ಅವನ ಮೇಲೆ ಸಿಟ್ಟು ಬಂತು, ಅಳು ಬಂತು. ನನ್ನ ಮೇಲೆ ಬಂದ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಕೋಲಾರದ ಡಾಕ್ಟರು ಕತ್ತು ಮುಟ್ಟಿ ನೋಡಿ, ಯಾವಾಗಿನಿಂದ ಇದೆ ಎಂದು ಕೇಳಿದರು. ಅವನು ಹೇಳಿದ. ಅವರು ನನ್ನ ಕಡೆ ನೋಡಿ, "ಸಣ್ಣದಿದ್ದಾಗಲೇ ಬಂದಿದ್ರೆ ಉಳಿಸ್ಕೋಬಹುದಿತ್ತಮ್ಮ" ಎಂದರು. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆ, ಔಷಧಿ, ರೇಡಿಯೇಷನ್ ಅಂತ ಕರೆಂಟು ಕೊಡುವುದು. ಔಷಧಿಗೆ ಅವನ ಕೂದಲೆಲ್ಲ ದಿಂಬಿನ ಮೇಲೆ ಉದುರಿತು. ನಾನು ಆರಿಸಿ ತೆಗೆಯುತ್ತಿದ್ದೆ. ಬರೀ ತಲೆಗೇ ದಿನಾ ಎಣ್ಣೆ ಒತ್ತಿದೆ. "ಈಗ ಕತ್ರಿ ಕರ್ಚೂ ಇಲ್ಲ ನೋಡು," ಎಂದು ಅವನು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ. ಮಗಳು ಪಾಸಾದ ಸುದ್ದಿ ಕೇಳಿಕೊಂಡ, ಅದಾದ ಮೂರನೆಯ ವಾರ ಹೋದ. ಅವಳು ನರ್ಸಾಗಿ ನೋಡಿಕೊಂಡ ಮೊದಲ ರೋಗಿ ಅವಳಪ್ಪ.

ಹನ್ನೊಂದನೆಯ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಅವನ ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು: "ಎಂಡ್ತಿ ಆದೋಳು ಗಂಡನ್ ತಲೆಗೆ ಕತ್ರಿ ಆಕ್ಬಾರ್ದು. ಅದು ಆಯಸ್ಸು ಕತ್ರಿಸ್ದಂಗೆ. ಯಾರ್ ಮಾತು ಕೇಳ್ತಾಳೆ ಇವ್ಳು?"

ಯಾರಿಗೂ ಬಾಕಿ ಉಳಿಸಿಕೊಳ್ಳುವ ಬಾಯಲ್ಲ ನನ್ನದು.

"ಎಂಟು ತಿಂಗ್ಳು ಆಕಿರ್ಲಿಲ್ಲ ಅತ್ಗೆ," ಎಂದೆ. "ಆಕಿದ್ದಿದ್ರೆ ಬದುಕಿರ್ತಿದ್ದ."