ದಿಂಡಿಗದ ಎರಡು ಕೋಲು

ಎರಡು ಉದ್ದನೆಯ ಕೋಲು ಹಿಡಿದು ಕಂಪ್ಲಿಯಲ್ಲಿ ಬಸ್ ಹತ್ತುವವನನ್ನು ಜನ ಹೇಗೆ ನೋಡುತ್ತಾರೆ ಗೊತ್ತೇ? ಮುಂದಿನ ಸೀಟಿನ ಅಜ್ಜಿ ಕಾಲು ಒಳಗೆಳೆದುಕೊಂಡಳು. ಕಂಡಕ್ಟರ್ ಮಾತ್ರ ಧೈರ್ಯ ಮಾಡಿ ಕೇಳಿದ, "ಸಾರ್, ಹೊಸಪ್ಯಾಟ್ಯಾಗ ಯಾರನ್ನ ಹೊಡ್ಯಾಕ ಹೊಂಟೀರಿ?"

"ಚೆಂಡನ್ನಪಾ" ಅಂದೆ. ಅವನು ನಗಲಿಲ್ಲ.

ಅವು ಪೂಲ್ ಆಡುವ ಕೋಲು, ಅಂದರೆ ಮೇಜಿನ ಮೇಲಿನ ಚೆಂಡು ಹೊಡೆಯುವ ಕ್ಯೂ. ನಾನು ಮಾಡಲು ಹೇಳಿದ್ದು ಒಂದೇ ಒಂದು.

ಅದಿರಿನ ದುಡ್ಡು ಬಂದ ಮೇಲೆ ನಮ್ಮ ಹೊಸಪೇಟೆಗೆ ಏನೇನು ಬರಲಿಲ್ಲ? ದೊಡ್ಡ ಕಾರು ಬಂದವು, ಎಸಿ ಬಾರ್ ಬಂದವು, ಹಳೇ ಅಕ್ಕಿ ಗೋದಾಮಿನಲ್ಲಿ ಪೂಲ್ ಪಾರ್ಲರೂ ಬಂತು. ಅಲ್ಲಿ ಪ್ರತಿ ಭಾನುವಾರ ನಾನೂ ಮಲ್ಲಿಕಾರ್ಜುನನೂ ಆಡುತ್ತಿದ್ದೆವು. ಅವನು ಸಂಡೂರಿನ ಕಡೆ ಒಂದು ಗಣಿಯ ವೇಬ್ರಿಜ್‌ನಲ್ಲಿ ಲಾರಿ ತೂಗುತ್ತಿದ್ದ. ನಾನೋ, ಟಿ.ಬಿ. ಡ್ಯಾಂ ಕ್ವಾರ್ಟರ್ಸ್‌ನ ಒಂಟಿ ಗಿರಾಕಿ. (ನಿಮಗೆ ಗೊತ್ತೇ ಇದೆ. ನನಗೆ ಹೆಣ್ಣು ಹುಡುಕುವ ಈ ಅಂಕಣದ ಓದುಗರು ದಯವಿಟ್ಟು ಅದನ್ನು ನಿಲ್ಲಿಸಬೇಕು.) ಈ ಊರಿನಲ್ಲಿ ನನ್ನನ್ನು 'ಲೇ' ಎನ್ನುತ್ತಿದ್ದವನು ಅವನೊಬ್ಬನೇ. ಅದಿರಿನ ಧೂಳಿಗೆ, ಎಷ್ಟು ತೊಳೆದರೂ ಅವನ ಕೈ ಕೆಂಪು. ಅವನು ಆಡಿಟ್ಟ ಕ್ಯೂ ಮೇಲೆ ಅವನ ಬೆರಳುಗಳ ಗುರುತು ಉಳಿದಿರುತ್ತಿತ್ತು.

ಆಮೇಲೆ ಅವನೇ ಲಾರಿ ಕೊಂಡ. ಒಂದು ಹೋಗಿ ಎರಡಾಯಿತು, ಇನ್ನೂ ಆಯಿತು. ನಮ್ಮಲ್ಲಿ ಜಗಳವಿಲ್ಲ, ಮುನಿಸಿಲ್ಲ. ಬರೀ ಒಂದೇ ಮಾತು, "ಲೋಡಿಂಗ್ ಐತಲೇ, ಮುಂದಿನ ವಾರ ಬರ್ತೀನಿ."

ನಾನು ಒಬ್ಬನೇ ಆಡತೊಡಗಿದೆ. ಪಾರ್ಲರಿನ ಕ್ಯೂಗಳೆಲ್ಲ ಸೊಟ್ಟ. ಒಬ್ಬನೇ ಆಡುವುದೇ ಆದರೆ ಕೋಲಾದರೂ ನೆಟ್ಟಗಿರಲಿ ಎಂದು ಕಂಪ್ಲಿಗೆ ಹೋದೆ, ಎತ್ತಿನ ಗಾಡಿ ಮಾಡುವ ಈರಣ್ಣ ಬಡಿಗೇರರ ಹತ್ತಿರ.

ತೇಗ ಎತ್ತಿ ನೋಡಿದೆ. ಕೈಗೆ ತೀರಾ ಹಗುರ. ಬೀಟೆ ಚೆಂದವಿತ್ತು, ಆದರೆ ಹಿಡಿಗೆ ಸರಿ, ಮುಂದಕ್ಕೆ ಭಾರ. ಮೂಲೆಯಲ್ಲಿ ದಿಂಡಿಗದ ತುಂಡೊಂದು ಕಂಡಿತು. ಸಂಡೂರು ಗುಡ್ಡದ ಮರ. ಗಾಡಿಯ ಅಚ್ಚಿಗೆಂದು ಅವರಪ್ಪ ತಂದು ಒಣಗಿಸಿದ್ದಂತೆ. ಟ್ರ್ಯಾಕ್ಟರ್ ಬಂದ ಮೇಲೆ ಕೇಳುವವರಿಲ್ಲದೆ ಉಳಿದಿತ್ತು. ಗಂಟಿಲ್ಲ, ಎಳೆ ನೇರ, ಬಣ್ಣ ಬೆಳ್ಳಗೆ.

"ಇದ ಇರ್ಲಿ" ಅಂದೆ.

"ಬಿಳೀದು ಬ್ಯಾಡ್ರಿ ಸಾಹೇಬ್ರ. ನಿಮ್ಮೂರ ಧೂಳಿಗೆ ಜಲ್ದಿ ಕೆಂಪಾಗ್ತೈತಿ."

"ಆಗ್ಲಿ ಬಿಡ್ರಿ."

ನನ್ನ ಎತ್ತರ, ತೋಳು ಅಳೆದರು. ಆಮೇಲೆ ಕೇಳಿದರು, "ಈ ಆಟ ಎಷ್ಟ್ ಮಂದಿ ಆಡ್ತೀರಿ?"

"ಇಬ್ರು."

"ಇನ್ನೊಬ್ರು ಹೆಂಗದಾರ?"

ಅವನು ಈಗ ಬರುವುದಿಲ್ಲ ಎನ್ನಬಹುದಿತ್ತು. ಬದಲಿಗೆ, ನನಗಿಂತ ಗೇಣುದ್ದ ಎತ್ತರ, ಕೈ ದೊಡ್ಡದು, ಹೊಡೆತ ಜೋರು ಎಂದೆಲ್ಲ ಬಾಯಿ ತುಂಬ ವರ್ಣಿಸಿದೆ. ಯಾರಾದರೂ ಅವನ ಬಗ್ಗೆ ಕೇಳಿ ಎಷ್ಟು ಕಾಲವಾಗಿತ್ತು!

ತರಲು ಹೋದರೆ ಎರಡು ಕೋಲು. ಒಂದು ಇನ್ನೊಂದಕ್ಕಿಂತ ಗೇಣುದ್ದ ಹೆಚ್ಚು.

"ಒಂದ ಹೇಳಿದ್ನಲ್ರಿ?"

"ನೊಗ ಮಾಡಿದ್ರ ಎರಡೆತ್ತಿಗೆ ಮಾಡ್ತೀವ್ರಿ. ಇಬ್ರ ಆಟಕ್ಕ ಒಂದ್ ಕೋಲು ಕೊಟ್ಟು ಕಳಿಸಿದ್ರ ನಮ್ಮ ಮನಿತನಕ್ಕ ಕೆಟ್ಟ ಹೆಸರು. ಒಂದ ತುಂಡಿನಾಗ ಎರಡೂ ತೆಗದೀನಿ, ಒಯ್ರಿ."

ಬಸ್ಸಿನಿಂದಲೇ ಮಲ್ಲಿಕಾರ್ಜುನನಿಗೆ ಫೋನ್ ಮಾಡಿದೆ. ನಿನಗೊಂದು ಕ್ಯೂ ಮಾಡಿಸಿದ್ದೇನೆ ಎಂದೆ. (ಬಡಿಗೇರರ ಪಾಲಿನ ಪುಣ್ಯವನ್ನು ನಾನೇ ಹೊಡೆದುಕೊಂಡೆ, ಕ್ಷಮಿಸಿ.) "ಭಾಳ ಮಸ್ತ್ ಆತಲೇ! ಈ ಸಂಡೇ ಗ್ಯಾರಂಟಿ" ಎಂದ. ಅವನ ಮಾತಿನ ಹಿಂದೆ ಲಾರಿಗಳ ಹಾರ್ನ್.

ಆ ಸಂಡೇ ಟೇಬಲ್ ಹಿಡಿದು, ಚೆಂಡು ಜೋಡಿಸಿ, ಎರಡೂ ಕೋಲು ಒರಗಿಸಿ ಕೂತೆ. ಪಾರ್ಲರಿನವನು ಬಂದು ಬಂದು ನೋಡಿ ಹೋದ. ಅದರ ಮುಂದಿನ ಸಂಡೇನೂ ಅಷ್ಟೇ. ಬೇಜಾರಾಯಿತು ಅನ್ನುವುದು ಸಣ್ಣ ಮಾತು.

ಈಗ ಎರಡೂ ನನ್ನ ಕೋಣೆಯ ಗೋಡೆಗೆ ಒರಗಿವೆ. ಬಡಿಗೇರರು ಹೇಳಿದಂತೆ ನನ್ನದು ಕೆಂಪಾಗಿದೆ. ಅವನದರ ಧೂಳನ್ನು ಮಾತ್ರ ದಿನಾ ಬೆಳಿಗ್ಗೆ ಒರೆಸಿಡುತ್ತೇನೆ. ಅದಕ್ಕೆ ಹತ್ತುವ ಮೊದಲ ಕೆಂಪು ಅವನ ಕೈಯದೇ ಆಗಲಿ ಎಂದು.

ಅಂದ ಹಾಗೆ, ಲಾರಿ ಮಾಲೀಕರಾದವರ ಕೈ ಈಗಲೂ ಕೆಂಪಗೇ ಇರುತ್ತದೆಯೇ?