ಬೀರಪ್ಪ ಮಾತಾಡದ ಬೇಸಿಗೆ

ಒದ್ದೆ ಕಂಬಳಿಗೆ ಒಂದು ವಾಸನೆಯಿದೆ. ಕುರಿಯ ಮೈ, ಒಲೆಯ ಹೊಗೆ, ಹಳೆಯ ಅರಿಸಿನ ಎಲ್ಲ ಸೇರಿದ ವಾಸನೆ. ಮೂಗು ಮುರಿಯುವವರು ಮುರಿಯಲಿ, ನನಗದು ತಂಪಿನ ವಾಸನೆ. ಮೊನ್ನೆ ಮಧ್ಯಾಹ್ನ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಗೋಡೆ ಮುಟ್ಟಿದರೆ ಕಾದ ಹಂಚು. ಟ್ರಂಕಿನ ತಳದಲ್ಲಿದ್ದ ಕರಿ ಕಂಬಳಿಯನ್ನು ತೆಗೆದು, ಬಕೆಟಿನಲ್ಲಿ ಅದ್ದಿ, ಬಾಗಿಲಿಗೆ ಕಟ್ಟಿದೆ. ವಾಸನೆ ಬಂತು. ಅದರ ಹಿಂದೆಯೇ ಪೂಜಾರಿ ಅಜ್ಜ ಬಂದರು...

ಈ ಸಲದ ಬಿಸಿಲು ಬಂದದ್ದು ಹೋಗುತ್ತಲೇ ಇಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಲ್ಲ ಕಡೆಗೂ ಬಿಸಿಗಾಳಿಯ ಎಚ್ಚರಿಕೆ ಎಂದು ಫೋನು ದಿನಾ ಗುಣುಗುಟ್ಟುತ್ತದೆ. ಎಚ್ಚರಿಕೆಯಂತೆ! ಚಪ್ಪಲಿ ಡಾಂಬರಿಗೆ ಅಂಟುವ ಊರಲ್ಲಿ ಇರುವವರಿಗೆ ಅದನ್ನು ಫೋನು ಬಂದು ಹೇಳಬೇಕೇ? ಹೀಗೆ ಬೈಯುತ್ತಲೇ ಗಳಿಗೆಗೊಮ್ಮೆ ಅದನ್ನೇ ತೆಗೆದು ನೋಡುತ್ತೇನೆ, ಮೋಡದ ಚಿತ್ರವೇನಾದರೂ ಮೂಡಿದೆಯೇ ಎಂದು.

ನಾನು ಚಿಕ್ಕವಳಿದ್ದಾಗ ಈ ಚಿತ್ರಗಳಿರಲಿಲ್ಲ. ಅಪ್ಪನ ರೇಡಿಯೋ ಇತ್ತು, ಪಕ್ಕದ ಮನೆಯ ಅಜ್ಜ ಇದ್ದರು. ಅಪ್ಪ ಗುಡೂರಿನಲ್ಲಿ ಸಾಲಿ ಮಾಸ್ತರ. ನಮ್ಮ ಬಾಡಿಗೆ ಮನೆಯ ಗೋಡೆಗೆ ಹೊಂದಿಕೊಂಡೇ ಕುರಿಗಾರರ ದೇವರು ಬೀರಪ್ಪನ ಪೂಜಾರಿಯಾಗಿದ್ದ ಆ ಅಜ್ಜನ ಮನೆ. ಅಮಾವಾಸ್ಯೆಯ ದಿನ ಗುಡಿಯ ಮುಂದೆ ಡೊಳ್ಳು ಬಾರಿಸುತ್ತಿದ್ದರು. ಅಜ್ಜ ಹಾಸಿದ ಕಂಬಳಿಯ ಮೇಲೆ ನಿಲ್ಲುತ್ತಿದ್ದರು, ಮೈಮೇಲೆ ದೇವರು ಬರುತ್ತಿತ್ತು, ಬಾಯಿಂದ ಒಂದೇ ಒಂದು ಮಾತು ಹೊರಡುತ್ತಿತ್ತು. ಅದಕ್ಕೆ ಹೇಳಿಕೆ ಎನ್ನುತ್ತಿದ್ದರು. ಮಳೆ, ಬೆಳೆ, ಕುರಿ, ರೋಗ ಎಲ್ಲ ಆ ಮಾತಿನೊಳಗೇ ಇರಬೇಕು. "ಬಡಗಣ ಬಾಗಿಲು ತೆರೆದೀತು, ಬಿಳಿ ಹೂವು ನಕ್ಕೀತು" ಎಂದುಬಿಟ್ಟರೆ ಮುಗಿಯಿತು, ಬಿಳಿ ಹೂವೆಂದರೆ ಹತ್ತಿಯೋ ಉಳ್ಳಾಗಡ್ಡಿಯೋ ಎಂದು ಮುಂದಿನ ಅಮಾವಾಸ್ಯೆಯವರೆಗೂ ಕಟ್ಟೆಯ ಮೇಲೆ ಜಗಳ.

ಅಜ್ಜ ಎತ್ತರದ ಆಳು, ನಮ್ಮ ಮನೆಯೊಳಗೆ ಬರಬೇಕಾದರೆ ಸೊಂಟದಿಂದಲೇ ಬಾಗಬೇಕಿತ್ತು. ಸಂಜೆಯಾದರೆ ಅಪ್ಪನ ಜೊತೆ ಕಟ್ಟೆಯ ಮೇಲೆ ಕೂತು ಹವಾಮಾನ ಕೇಳುತ್ತಿದ್ದರು.

"ಏನಂತೈತ್ರಿ ಮಾಸ್ತರ, ನಿಮ್ಮ ರೇಡಿಯೋ?"

"ಉತ್ತರ ಒಳನಾಡಿನಾಗ ಒಣ ಹವೆ ಅಂತದ. ಅಲ್ಲಲ್ಲಿ ಮಳಿ ಆದರೂ ಆಗಬಹುದು ಅಂತನೂ ಅಂತದ."

ಅಜ್ಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಹಂಗಾರ ನಿಮ್ಮದೂ ನಮ್ಮ ದೇವರಂಗ ಮಾತಾಡ್ತೈತಿ ಬಿಡ್ರಿ!" ಅಪ್ಪನಿಗೂ ನಗು ತಡೆಯುತ್ತಿರಲಿಲ್ಲ. ಒಬ್ಬರನ್ನೊಬ್ಬರು ಹಾಗೆ ಚೇಷ್ಟೆ ಮಾಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆ ಮಾತ್ರ ಯಾರೂ ನಗಲಿಲ್ಲ. ಈಗಿನಂಥದೇ ಬಿಸಿಲು. ಕೆರೆಯ ತಳ ಬಿರುಕು ಬಿಟ್ಟಿತ್ತು. ನೆರಳು ಸಿಗದ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತು ತೇಕುತ್ತಿದ್ದವು. ಕುರಿಗಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಹೊರಡುವುದೋ, ಉಳಿಯುವುದೋ? ಕೂಡಲಸಂಗಮದ ಕಡೆ ಹೊಳೆಯ ನೀರಿದೆ, ದಂಡೆಯಲ್ಲಿ ಹಸಿರಿದೆ. ಆದರೆ ಎಳೆ ಮರಿಗಳು ಆ ಬಿಸಿಲಲ್ಲಿ ಅಷ್ಟು ದೂರ ನಡೆಯಲಾರವು. ಹೆಗಲ ಮೇಲೆ ಹೊತ್ತರೂ ಎಷ್ಟನ್ನು ಹೊತ್ತಾರು? ಬೇಗ ಮಳೆಯಾಗುವುದಾದರೆ ಊರಲ್ಲೇ ಉಳಿಯಬೇಕು, ಮರಿ ಬದುಕುತ್ತವೆ. ಆಗದಿದ್ದರೆ ಉಳಿದವರ ತಾಯಿ ಕುರಿಗಳೂ ಸಾಯುತ್ತವೆ. ಎಲ್ಲರಿಗಿಂತ ಹೆಚ್ಚು ಮರಿಗಳಿದ್ದದ್ದು ಅಜ್ಜನ ಮಗನ ಹಿಂಡಿನಲ್ಲಿ. ಅಮಾವಾಸ್ಯೆ ಬರಲಿ, ಬೀರಪ್ಪ ಹೇಳಲಿ ಎಂದು ಕಾದರು.

ಬಂತು ಅಮಾವಾಸ್ಯೆ. ಅವ್ವ ಮತ್ತು ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಇಳಿಹೊತ್ತಾದರೂ ನೆಲದ ಬಿಸಿ ಅಂಗಾಲಿಗೆ ತಾಗುತ್ತಿತ್ತು. ಮೈತುಂಬ ಭಂಡಾರ ಬಳಿದುಕೊಂಡು ಅಜ್ಜ ಕಂಬಳಿಯ ಮೇಲೆ ನಿಂತರು, ಡೊಳ್ಳು ಶುರುವಾಯಿತು. ಬೇರೆ ದಿನವಾದರೆ ಅಷ್ಟರಲ್ಲಿ ಅವರ ಭುಜ ನಡುಗಬೇಕು, ಕಣ್ಣು ಮೇಲಾಗಬೇಕು. ಆವತ್ತು ಏನೂ ಇಲ್ಲ. ಬಾರಿಸುವವರು ಕೈ ಬದಲಾಯಿಸಿದರು. ಅಜ್ಜನ ಬೆವರಿಗೆ ಅರಿಸಿನ ಕರಗಿ ಎದೆಯ ಮೇಲೆ ಹಳದಿ ಗೆರೆಯಾಗಿ ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ಕೈ ಎತ್ತಿದರು. ಡೊಳ್ಳು ನಿಂತಿತು.

"ಬೀರಪ್ಪ ಬಂದಿಲ್ರಪ್ಪೋ. ನಾ ಒಬ್ಬಾವ ನಿಂತೀನಿ."

ಯಾರಿಗೂ ಅರ್ಥವಾಗಲಿಲ್ಲ. ಹಾಗೆಂದು ಯಾವ ಪೂಜಾರಿಯೂ ಹೇಳಿದ್ದನ್ನು ಊರು ಕೇಳಿರಲಿಲ್ಲ. "ಏನರ ಒಂದ ಹೇಳೋ ಯಜ್ಜಾ" ಎಂದು ಹಿಂದಿನಿಂದ ಯಾರೋ ಕೂಗಿದರು. ಮಗ ಜನರನ್ನು ಸರಿಸಿಕೊಂಡು ಮುಂದೆ ಬಂದು ಕಂಬಳಿಯ ಅಂಚಿಗೆ ಕೂತುಬಿಟ್ಟ.

"ಯಪ್ಪಾ, ಕೈ ಮುಗಿತೀನಿ. ಮಳಿ ಅಂತ ಒಂದ ಮಾತ ಅನ್ನು. ಇಲ್ಲೇ ಉಳಿತೀವಿ, ಮರಿ ಬದಕ್ತಾವು."

ಅಜ್ಜ ಮಗನ ತಲೆಯ ಮೇಲೆ ಕೈಯಿಟ್ಟರು. "ಅಂದ್ರ ಅದು ನನ್ನ ಮಾತಾಕ್ಕೈತೋ ಮಗನ. ಅವನ ಮಾತಾಗೂದಿಲ್ಲ."

ಹೇಳಿ ಕಂಬಳಿಯಿಂದ ಕೆಳಗಿಳಿದು, ತಾವೇ ಅದನ್ನು ಝಾಡಿಸಿ ಮಡಚಿ, ಹೆಗಲಿಗೆ ಹಾಕಿಕೊಂಡು ಮನೆ ಕಡೆ ನಡೆದರು. ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ದೇವರು ಮೈಮೇಲೆ ಬಂದಾಗ ಅವರನ್ನು ಎಷ್ಟೋ ಸಲ ಹೆದರಿ ನೋಡಿದ್ದೆ. ಆದರೆ ಅಷ್ಟು ಜನರ ಬಾಯಾರಿದ ಮುಖಗಳ ಎದುರು ಒಬ್ಬರೇ ನಿಂತು 'ಇಲ್ಲ' ಎಂದ ಆ ಮುದುಕನಷ್ಟು ದೊಡ್ಡವರಾಗಿ ನನಗೆ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಹೇಳಿಕೆ ಆಗಲಿಲ್ಲವೆಂದ ಮೇಲೆ ನಂಬಿ ಉಳಿಯುವುದು ಹೇಗೆ? ಮರುದಿನ ನಸುಕಿನಲ್ಲೇ ಹಿಂಡುಗಳು ಹೊರಟವು. ಅವರು ಹೋಗಿ ಎರಡು ದಿನವೂ ಆಗಿರಲಿಲ್ಲ, ಗಾಳಿ ಎದ್ದಿತು, ಆಣೆಕಲ್ಲು ಬಿದ್ದವು, ಆಮೇಲೆ ಮಳೆ... ಅಯ್ಯೋ ಅದೆಂಥ ಮಳೆ! ಕೆರೆಗೆ ನೀರು ಬಂತು. ಓಣಿಯವರೆಲ್ಲ ಹೊರಗೆ ಬಂದು ತೋಯಿಸಿಕೊಂಡರು. ಅಜ್ಜ ಮಾತ್ರ ಬಾಗಿಲಲ್ಲಿ ಕೂತು ನೀರನ್ನೇ ನೋಡುತ್ತಿದ್ದರು.

ದಾರಿಯಲ್ಲಿ ಮರಿಗಳು ಸತ್ತಿದ್ದವು. ಮಗನ ಹಿಂಡಿನಲ್ಲೇ ಹೆಚ್ಚು. ವಾಪಸು ಬಂದವರು ಅಜ್ಜನನ್ನು ಬಾಯಿಗೆ ಬಂದಂತೆ ಬೈದರು. ಒಂದು ಮಾತು ಅಂದಿದ್ದರೆ ನಾಲಿಗೆ ಸವೆಯುತ್ತಿತ್ತೇ ಎಂದರು. ಹಿರಿಯರು ಕೂಡಿ ಹೇಳಿಕೆಯ ಹೊಣೆಯನ್ನು ಅಜ್ಜನ ತಮ್ಮನಿಗೆ ಕೊಟ್ಟರು. ತಮ್ಮನ ಮೈಮೇಲೆ ದೇವರು ಬರುವುದು ಒಂದು ಅಮಾವಾಸ್ಯೆಯೂ ತಪ್ಪಲಿಲ್ಲ ಬಿಡಿ. ಮಗ ಅಪ್ಪನೊಡನೆ ಮಾತು ಬಿಟ್ಟ. ಅಜ್ಜ ಯಾರಿಗೂ ಎದುರು ಮಾತಾಡಲಿಲ್ಲ, ನಮ್ಮ ಕಟ್ಟೆಗೆ ಬರುವುದನ್ನೂ ನಿಲ್ಲಿಸಲಿಲ್ಲ.

ನಾನೋ ಬಾಯಿಬಡಕಿ. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ. "ಅಜ್ಜಾ, ಮಳಿ ಬಂತಲ್ಲ? ನೀವು ಅಂದಿದ್ರ ಖರೇನ ಆಗ್ತಿತ್ತಲ್ಲ?"

ಅಪ್ಪ ನನ್ನತ್ತ ಕಣ್ಣು ಬಿಟ್ಟರು. ಅಜ್ಜ ಸಿಟ್ಟಾಗಲಿಲ್ಲ. "ಹೌದವ್ವ, ಆಕ್ಕಿತ್ತು. ಆ ಮರಿ ನೆನಪಾದ್ರ ಇವತ್ತಿಗೂ ಕರುಳು ಚುರ್ ಅಂತೈತಿ." ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಆದ್ರ ನನಗ ಗೊತ್ತಿರಲಿಲ್ಲಲ್ಲ."

ಅಪ್ಪನಿಗೆ ಬಾಗಲಕೋಟೆಗೆ ವರ್ಗವಾಗಿ ನಾವು ಊರು ಬಿಡುವ ದಿನ ಅಜ್ಜ ಆ ಕಂಬಳಿ ತಂದುಕೊಟ್ಟರು. "ಇದರ ಮ್ಯಾಲೆ ಇನ್ನ ನಿಲ್ಲೂದಿಲ್ಲ ನಾ. ಬ್ಯಾಸಗ್ಯಾಗ ತೋಯಿಸಿ ಬಾಗಲಕ್ಕ ಕಟ್ರಿ, ತಂಪಾಕ್ಕೈತಿ." ದೇವರು ನಿಂತ ಕಂಬಳಿಯನ್ನು ಬಾಗಿಲಿಗೆ ಕಟ್ಟುವುದೇ ಎಂದು ಅವ್ವ ಹಿಂದೆಮುಂದೆ ನೋಡಿದಳು. ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡರು. ಅಜ್ಜ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ... ಮಣ್ಣಿಗೂ ಹೋಗಲಾಗಲಿಲ್ಲ.

ಮೊನ್ನೆ ಕಂಬಳಿ ಕಟ್ಟಿ ಬಂದು ಅವ್ವನ ಮಂಚದ ಪಕ್ಕ ಕೂತೆ. ಈ ಬಿಸಿಲು ಅವ್ವನನ್ನು ಹಿಂಡಿಹಾಕಿದೆ; ಊಟ ಸೇರುವುದಿಲ್ಲ, ಎದ್ದರೆ ತಲೆ ತಿರುಗುತ್ತದೆ. ದಿನಾ ಮಧ್ಯಾಹ್ನ ಒಂದೇ ಮಾತು ಕೇಳುತ್ತಾಳೆ. ದಿನಾ ನಾನು "ನಾಳೆ ಬರ್ತದವ್ವ" ಎನ್ನುತ್ತೇನೆ. ಸಮಾಧಾನಕ್ಕೆ.

"ಮಳಿ ಬರ್ತದೇನ?" ಎಂದಳು.

ಫೋನಿನಲ್ಲಿ ಅರ್ಧ ಸೂರ್ಯ, ಅರ್ಧ ಮೋಡ. 'ನಾಳೆ' ಎಂಬ ಮಾತು ತುಟಿಗೆ ಬಂದಿತ್ತು. ಬಾಗಿಲಿಂದ ಗಾಳಿ ಬೀಸಿತು, ಆ ವಾಸನೆ ತಂದಿತು.

"ಗೊತ್ತಿಲ್ಲವ್ವ" ಎಂದೆ.

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಕಂಬಳಿ ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡೇ ನಕ್ಕಳು. "ಅಜ್ಜನ ಹಂಗ ಅಂದಿ ನೋಡು." ಎಷ್ಟೋ ದಿನದ ಮೇಲೆ ನನ್ನ ಕೈ ಹಿಡಿದುಕೊಂಡಳು.

ಅಜ್ಜ ಇಲ್ಲ, ಅಪ್ಪನೂ ಇಲ್ಲ. ಕಂಬಳಿ ಆಗಲೇ ಅರ್ಧ ಒಣಗಿತ್ತು. ಎದ್ದು ಮತ್ತೆ ನೀರು ಚಿಮುಕಿಸಿ, ಬಂದು ಅವಳ ಪಕ್ಕ ಕೂತೆ.